ಮತ್ತೆ ತೆರೆಯುತ್ತಿರುವ ಹಳೆ ಹೋಟೆಲ್: ಕಾವಲಿಗೆ ದೋಸೆ ಅಂಟುತ್ತಿದೆ

ಪ್ರಶ್ನೆ: ಬಡಾವಣೆಯ ಹಳೆ ತಿಂಡಿ ಹೋಟೆಲ್ ಮೂರು ವರ್ಷದ ಮೇಲೆ ತೆರೆಯುತ್ತಿದೆ. ಕಬ್ಬಿಣದ ಕಾವಲಿ ತುಕ್ಕು ಹಿಡಿದಿದೆ, ದೋಸೆ ಏಳುತ್ತಿಲ್ಲ, ಬಣ್ಣವೂ ಬರುತ್ತಿಲ್ಲ. ಹೊಸದು ತರಬೇಕೇ?

ಉತ್ತರ 1: ಖಂಡಿತ ಬೇಡ. ತುಕ್ಕು ಪೂರ್ತಿ ಉಜ್ಜಿ, ತೊಳೆದು, ತಕ್ಷಣ ಉರಿಯ ಮೇಲೆ ಒಣಗಿಸಿ. ಬಟ್ಟೆಯಲ್ಲಿ ಎಣ್ಣೆ ತೆಳ್ಳಗೆ ಸವರಿ ಹೊಗೆ ನಿಲ್ಲುವವರೆಗೆ ಕಾಯಿಸಿ, ಆರಲು ಬಿಡಿ. ಹೀಗೆ 5-6 ಸಲ. ಎಣ್ಣೆ ಹೆಚ್ಚಾದರೆ ಪದರ ಜಿಗುಟಾಗುತ್ತದೆ, ಅದೇ ದೋಸೆ ಹಿಡಿಯುವುದು. ಮೊದಲ ಹತ್ತು ದೋಸೆ ಕೆಟ್ಟರೂ ಸೋಪು ಹಾಕಿ ತಿಕ್ಕಬೇಡಿ. ದಪ್ಪ ಕಾವಲಿ ಅಂಚಿನವರೆಗೆ ಕಾಯಲು ಅರ್ಧ ಗಂಟೆ ಬೇಕು. ಹುಯ್ಯುವ ಮುನ್ನ ನೀರು ಚಿಮುಕಿಸಿ ಪೊರಕೆಯಲ್ಲಿ ಗುಡಿಸಿ.

ಉತ್ತರ 2: ಬಣ್ಣ ಹಿಟ್ಟಿನದು. 4 ಲೋಟ ದೋಸೆ ಅಕ್ಕಿಗೆ 1 ಲೋಟ ಉದ್ದು, 2 ಚಮಚ ಕಡಲೆಬೇಳೆ, 1 ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ. ಹುಳಿ ಹೆಚ್ಚಾದರೆ ದೋಸೆ ಬಿಳಚುತ್ತದೆ.

ಉತ್ತರ 3: ದರ ಇಳಿಸಲು ತುಪ್ಪ ಕಡಿಮೆ ಮಾಡಬೇಡಿ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆ ಇಳಿಸಿದಾಗ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಆ ದರದಲ್ಲಿ ಗುಣಮಟ್ಟ ಉಳಿಸಿಕೊಳ್ಳುವುದೇ ಕಷ್ಟವಾಗಿತ್ತು.