ರಿಸ್ಟೋರ್ ಮಾಡಿದರೆ ನವೆಂಬರಿನ ಲೆಕ್ಕ ಬರುತ್ತಿದೆ, ಈಚಿನದು ಎಲ್ಲಿ ಹೋಯಿತು?

ವಖಾರಿಲೆಕ್ಕ, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮದು ಅಡಿಕೆ ವಖಾರಿ. ಲೆಕ್ಕವೆಲ್ಲ ಎಸ್‌ಕ್ಯೂಎಲ್ ಸರ್ವರ್ 2017 ಎಕ್ಸ್‌ಪ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿದೆ. ಮೇ 20ರ ಮಧ್ಯಾಹ್ನ ಬಿದ್ದ ಸಿಡಿಲಿಗೆ ಯುಪಿಎಸ್ಸೂ ಹೋಯಿತು, ಹಾರ್ಡ್ ಡಿಸ್ಕೂ ಹೋಯಿತು. ಹೊಸ ಕಂಪ್ಯೂಟರ್ ತಂದು ಅದೇ ಆವೃತ್ತಿ ಹಾಕಿದೆವು. ದಿನವೂ ರಾತ್ರಿ 9ಕ್ಕೆ ವಿಂಡೋಸಿನ ಟಾಸ್ಕ್ ಶೆಡ್ಯೂಲರ್ ಮೂಲಕ ತಾನಾಗಿಯೇ ಹೊರಗಿನ ಡ್ರೈವಿಗೆ ಬ್ಯಾಕಪ್ ಆಗುತ್ತಿತ್ತು. ಬೆಳಿಗ್ಗೆ ಅದನ್ನು ಕಳಚಿ ಕಪಾಟಿನಲ್ಲಿ ಇಡುವ ರೂಢಿಯಿದ್ದದ್ದರಿಂದ ಡ್ರೈವ್ ಉಳಿದುಕೊಂಡಿದೆ.

ಆ ಬ್ಯಾಕಪ್ಪನ್ನು ಮರಳಿ ತುಂಬುವ ಕೆಲಸ, ಅಂದರೆ ರಿಸ್ಟೋರ್, ಸರಾಗವಾಗಿ ಮುಗಿಯಿತು, ಒಂದು ದೋಷವನ್ನೂ ತೋರಿಸಲಿಲ್ಲ. ಆದರೆ ತೆರೆದು ನೋಡಿದರೆ ಕೊನೆಯ ನಮೂದು ನವೆಂಬರ್ 2ರದು! ಕೊಯ್ಲಿನ ಹಂಗಾಮಿನ ಲೆಕ್ಕವೇ ಇಲ್ಲ. ನಿನ್ನೆ ಹುಲೇಕಲ್ ಕಡೆಯ ಕೃಷಿಕರೊಬ್ಬರು ಬಂದು ತಮ್ಮ ಮುಂಗಡದ ಬಾಕಿ ಕೇಳಿದರು. ಪರದೆಯಲ್ಲಿ ಸೊನ್ನೆ. ಅವರು ನಕ್ಕರು, ನನಗೆ ನಗು ಬರಲಿಲ್ಲ. ಬ್ಯಾಕಪ್ ಫೈಲಿನ ಮೇಲೆ ಮೇ 19ರ ರಾತ್ರಿಯ ದಿನಾಂಕವೇ ಇದೆ, ಗಾತ್ರ 71 ಜಿಬಿ.

ತದಡಿಹೊಳೆ, ಕುಮಟಾ

ಬ್ಯಾಕಪ್ ಫೈಲ್ ಕೆಟ್ಟಿರಬೇಕು. ಕೆಟ್ಟ ಫೈಲಿನಿಂದ ದತ್ತಾಂಶ ತೆಗೆದುಕೊಡುವ ತಂತ್ರಾಂಶಗಳು ಹಣಕ್ಕೆ ಸಿಗುತ್ತವೆ, ಒಮ್ಮೆ ಪ್ರಯತ್ನಿಸಿ.

ಕಾಳಿಕಡಲು, ಕಾರವಾರ

ವಖಾರಿಯವರೇ, ಸದ್ಯಕ್ಕೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಎರಡು ಪ್ರಶ್ನೆಗಳಿಗೆ ಮಾತ್ರ ಉತ್ತರಿಸಿ. ಸಿಡಿಲಿಗೆ ಮುಂಚೆ ಡೇಟಾಬೇಸ್ ಎಷ್ಟು ದೊಡ್ಡದಿತ್ತು? ರಿಸ್ಟೋರ್ ಆದ ಮೇಲೆ ಅದರಲ್ಲಿ ಹೊಸದಾಗಿ ಏನಾದರೂ ನಮೂದಿಸಿದ್ದೀರಾ?

ವಖಾರಿಲೆಕ್ಕ, ಶಿರಸಿ

ಹೆಚ್ಚೆಂದರೆ 400 ಎಂಬಿ. ನಿನ್ನೆ ಮೂವತ್ತು ತೂಕದ ಚೀಟಿಗಳನ್ನು ನಮೂದಿಸಿದ್ದೇವೆ.

ಕಾಳಿಕಡಲು, ಕಾರವಾರ

ಆ ಮೂವತ್ತನ್ನು ಈಗಲೇ ಮುದ್ರಿಸಿಕೊಳ್ಳಿ, ಮುಂದೆ ಹೊಸದಾಗಿ ಏನನ್ನೂ ನಮೂದಿಸಬೇಡಿ.

400 ಎಂಬಿ ಡೇಟಾಬೇಸಿಗೆ 71 ಜಿಬಿ ಬ್ಯಾಕಪ್ ಹೇಗೆ ಬಂತು? ಬ್ಯಾಕಪ್ ಆದೇಶದಲ್ಲಿ ಬೇರೇನೂ ಹೇಳದಿದ್ದರೆ ಎಸ್‌ಕ್ಯೂಎಲ್ ಸರ್ವರ್ ‘ನೋಇನಿಟ್’ ಎಂದು ತಿಳಿದುಕೊಳ್ಳುತ್ತದೆ. ಅಂದರೆ ಹಳೆಯದನ್ನು ಅಳಿಸದೆ, ಕಿರ್ದಿ ಪುಸ್ತಕದಲ್ಲಿ ಮುಂದಿನ ಪುಟಕ್ಕೆ ಬರೆದಂತೆ, ಅದೇ ಫೈಲಿನ ಕೊನೆಗೆ ಹೊಸ ಬ್ಯಾಕಪ್ ಸೇರಿಸುತ್ತಾ ಹೋಗುತ್ತದೆ. ರಿಸ್ಟೋರ್ ಆದೇಶದಲ್ಲಿ ಎಷ್ಟನೆಯದು ಬೇಕೆಂದು ಹೇಳದಿದ್ದರೆ ಅದು ಮೊದಲನೆಯದನ್ನೇ ಎತ್ತಿಕೊಡುತ್ತದೆ. ನಿಮ್ಮ ಮೊದಲ ಪುಟ ನವೆಂಬರ್ 2. ದೋಷ ತೋರಿಸದಿರುವುದು ಸಹಜ, ಯಾಕೆಂದರೆ ಅದರ ಪ್ರಕಾರ ತಪ್ಪೇ ಆಗಿಲ್ಲ.

ಮೊದಲು ಆ ಫೈಲಿನ ನಕಲು ಮಾಡಿ, ಮೂಲವನ್ನು ಕಪಾಟಿಗೆ ಹಾಕಿ. ನಕಲಿನ ಮೇಲೆ ‘ರಿಸ್ಟೋರ್ ಹೆಡರ್‌ಓನ್ಲಿ’ ಓಡಿಸಿ. ಪ್ರತಿ ಬ್ಯಾಕಪ್ಪಿಗೆ ಒಂದೊಂದು ಸಾಲು ಬರುತ್ತದೆ. ‘ಪೊಸಿಷನ್’ ಮತ್ತು ‘ಬ್ಯಾಕಪ್ ಫಿನಿಶ್ ಡೇಟ್’ ಎಂಬ ಎರಡು ಅಂಕಣ ನೋಡಿ ಸಾಕು.

ವಖಾರಿಲೆಕ್ಕ, ಶಿರಸಿ

ನಕಲನ್ನು ಡೆಸ್ಕ್‌ಟಾಪಿನಲ್ಲಿ ಇಟ್ಟು ಓಡಿಸಿದರೆ ‘ಆಪರೇಟಿಂಗ್ ಸಿಸ್ಟಮ್ ಎರರ್ 5’ ಎನ್ನುತ್ತಿದೆ. ನಾನು ಅಡ್ಮಿನಿಸ್ಟ್ರೇಟರ್ ಆಗಿಯೇ ಲಾಗಿನ್ ಆಗಿದ್ದೇನೆ.

ಕಾಳಿಕಡಲು, ಕಾರವಾರ

ಫೈಲನ್ನು ಓದುವವರು ನೀವಲ್ಲ, ಸರ್ವರಿನ ಸೇವಾ ಖಾತೆ. ನಿಮ್ಮ ಡೆಸ್ಕ್‌ಟಾಪಿಗೆ ಅದಕ್ಕೆ ಪ್ರವೇಶವಿಲ್ಲ. ಎಸ್‌ಕ್ಯೂಎಲ್ ಸರ್ವರಿನದೇ ‘ಬ್ಯಾಕಪ್’ ಫೋಲ್ಡರಿಗೆ ನಕಲು ಮಾಡಿ.

ವಖಾರಿಲೆಕ್ಕ, ಶಿರಸಿ

187 ಸಾಲುಗಳು! ಕೊನೆಯದು ಮೇ 19, ರಾತ್ರಿ 9 ಗಂಟೆ 1 ನಿಮಿಷ. ಕರೆಂಟಿಲ್ಲದ ರಾತ್ರಿಗಳು ಬಿಟ್ಟುಹೋಗಿವೆ, ಉಳಿದೆಲ್ಲ ಇವೆ. ಇದನ್ನು ನೋಡಿ ಎದ್ದು ಹೋಗಿ ಚಹಾ ಕುಡಿದು ಬಂದೆ.

ಕಾಳಿಕಡಲು, ಕಾರವಾರ

ಚಹಾ ಕುಡಿದದ್ದು ಒಳ್ಳೆಯದಾಯಿತು, ಇನ್ನು ಅವಸರ ಬೇಡ. ರಿಸ್ಟೋರ್ ಆದೇಶದಲ್ಲಿ ‘ಫೈಲ್ = 187’ ಎಂದು ಹೇಳಿ, ಆದರೆ ಹಳೆಯ ಹೆಸರಿನ ಮೇಲೆ ತುಂಬಬೇಡಿ. ‘ರಿಪ್ಲೇಸ್’ ಎಂಬ ಪದವನ್ನು ಆದೇಶದಲ್ಲಿ ಸೇರಿಸಲೇಬೇಡಿ, ಅದು ಕೇಳದೆ ಅಳಿಸುತ್ತದೆ. ಬೇರೆ ಹೆಸರು ಕೊಡಿ, ‘ಮೂವ್’ ಬಳಸಿ ಎಂಡಿಎಫ್ (ದತ್ತಾಂಶದ ಫೈಲ್) ಮತ್ತು ಎಲ್‌ಡಿಎಫ್ (ಬದಲಾವಣೆಗಳನ್ನು ದಾಖಲಿಸುವ ಲಾಗ್ ಫೈಲ್) ಎರಡಕ್ಕೂ ಹೊಸ ಜಾಗ ತೋರಿಸಿ. ಆಮೇಲೆ ಆ ಹೊಸ ಡೇಟಾಬೇಸಿನ ಮೇಲೆ ‘ಡಿಬಿಸಿಸಿ ಚೆಕ್‌ಡಿಬಿ’ ಓಡಿಸಿ, ಅದು ಡೇಟಾಬೇಸ್ ಒಳಗೆ ಎಲ್ಲಾದರೂ ಕೆಟ್ಟಿದೆಯೇ ಎಂದು ಪರೀಕ್ಷಿಸುತ್ತದೆ. ಕೊನೆಯಲ್ಲಿ ಸೊನ್ನೆ ದೋಷ ಎಂದು ಬರಬೇಕು.

ವಖಾರಿಲೆಕ್ಕ, ಶಿರಸಿ

ಸೊನ್ನೆ ದೋಷ ಬಂತು. ಆದರೆ ನಮ್ಮ ತಂತ್ರಾಂಶವನ್ನು ಹೊಸ ಹೆಸರಿನತ್ತ ತಿರುಗಿಸಿದರೆ ದೋಷ 4060, ಡೇಟಾಬೇಸ್ ತೆರೆಯಲಾಗದು ಎನ್ನುತ್ತದೆ. ಮೊದಲ ಸಲವೂ ಹೀಗೇ ಆಗಿತ್ತು. ತಂತ್ರಾಂಶದವರ ಕಡೆಯ ಹುಡುಗ ದೂರದಿಂದಲೇ ಏನೋ ಮಾಡಿ ಸರಿಪಡಿಸಿದ್ದ.

ಕಾಳಿಕಡಲು, ಕಾರವಾರ

ಡೇಟಾಬೇಸಿನ ಒಳಗಿನ ಬಳಕೆದಾರ ಹಳೆಯ ಕಂಪ್ಯೂಟರಿನ ಲಾಗಿನ್ನಿನ ಗುರುತನ್ನು ಹಿಡಿದುಕೊಂಡಿದ್ದಾನೆ. ಹೊಸ ಕಂಪ್ಯೂಟರಿನಲ್ಲಿ ಅದೇ ಹೆಸರಿನ ಲಾಗಿನ್ ಇದ್ದರೂ ಗುರುತಿನ ಸಂಖ್ಯೆ ಬೇರೆ. ಆ ಹುಡುಗ ಕಟ್ಟಿದ ಗಂಟು ನವೆಂಬರಿನ ಡೇಟಾಬೇಸಿನಲ್ಲಿ ಉಳಿಯಿತು, ಇದಕ್ಕೆ ಬರಲಿಲ್ಲ. ‘ಆಲ್ಟರ್ ಯೂಸರ್’ ಬರೆದು, ಬಳಕೆದಾರನ ಹೆಸರು ಕೊಟ್ಟು, ‘ವಿತ್ ಲಾಗಿನ್ =’ ಎಂದು ಅದೇ ಹೆಸರು ಹಾಕಿ. ಒಂದೇ ಸಾಲಿನ ಕೆಲಸ.

ತದಡಿಹೊಳೆ, ಕುಮಟಾ

ನನ್ನ ಸಲಹೆ ತಪ್ಪಾಗಿತ್ತು, ಕ್ಷಮಿಸಿ. ನಡುವೆ ನನ್ನದೂ ಒಂದು ಕೇಳಿಬಿಡುತ್ತೇನೆ. ನಮ್ಮ ಮೀನಿನ ವ್ಯಾಪಾರದ ಡೇಟಾಬೇಸ್ 900 ಎಂಬಿ, ಲಾಗ್ ಫೈಲ್ ಮಾತ್ರ 18 ಜಿಬಿ. ಅಳಿಸಿಬಿಡಲೇ?

ಕಾಳಿಕಡಲು, ಕಾರವಾರ

ಅಳಿಸಿದರೆ ನಾಳೆ ನೀವೇ ಹೊಸ ಪ್ರಶ್ನೆ ಕೇಳಬೇಕಾಗುತ್ತದೆ! ಲಾಗನ್ನು ಎಷ್ಟು ಕಾಲ ಉಳಿಸಿಕೊಳ್ಳಬೇಕೆಂದು ಹೇಳುವ ‘ರಿಕವರಿ ಮಾಡೆಲ್’ ನಿಮ್ಮಲ್ಲಿ ‘ಫುಲ್’ ಎಂದಿದೆ ಅನಿಸುತ್ತದೆ, ಲಾಗ್ ಬ್ಯಾಕಪ್ ಒಮ್ಮೆಯೂ ಆಗಿರಲಿಕ್ಕಿಲ್ಲ. ಲಾಗ್ ಬ್ಯಾಕಪ್ ಆಗುವ ತನಕ ಅದರೊಳಗೆ ಜಾಗ ಬಿಡುಗಡೆಯಾಗುವುದಿಲ್ಲ. ಒಂದು ದಿನದ ಲೆಕ್ಕ ಮತ್ತೆ ಬರೆದುಕೊಳ್ಳಲು ಸಾಧ್ಯವೆಂದಾದರೆ ‘ಸಿಂಪಲ್’ಗೆ ಬದಲಿಸಿ, ಲಾಗನ್ನು ಒಮ್ಮೆ ಕುಗ್ಗಿಸಿ. ವಾರ ವಾರ ಕುಗ್ಗಿಸುವ ಚಾಳಿ ಬೇಡ, ಅದು ಮತ್ತೆ ಬೆಳೆಯುತ್ತದೆ.

ವಖಾರಿಲೆಕ್ಕ, ಶಿರಸಿ

ತೆರೆಯಿತು. ಹುಲೇಕಲ್ಲಿನವರ ಮುಂಗಡ ಅವರ ಕೈಯಲ್ಲಿದ್ದ ಚೀಟಿಗೆ ಪೈಸೆ ತಪ್ಪದೆ ಹೊಂದಿತು. ಮೇ 20ರ ಬೆಳಗಿನ ಚೀಟಿಗಳನ್ನೂ ಮುದ್ರಿಸಿಟ್ಟ ಮೂವತ್ತನ್ನೂ ಸಂಜೆ ಇಬ್ಬರು ಕುಳಿತು ಸೇರಿಸಿದೆವು. ಇನ್ನು ರಾತ್ರಿಯ ಬ್ಯಾಕಪ್ ಹೇಗಿರಬೇಕು?

ಕಾಳಿಕಡಲು, ಕಾರವಾರ

ವಾರದ ಏಳು ದಿನಕ್ಕೆ ಏಳು ಫೈಲ್, ಪ್ರತಿಯೊಂದೂ ‘ಇನಿಟ್’ (ಹಳೆಯದನ್ನು ಅಳಿಸಿ ಬರೆಯುವುದು) ಮತ್ತು ‘ಚೆಕ್‌ಸಮ್’ (ಬರೆದದ್ದು ಕೆಟ್ಟಿಲ್ಲವೆಂದು ತಾಳೆ ನೋಡುವುದು) ಸಹಿತ. ಆಗ ಸೋಮವಾರದ ಬ್ಯಾಕಪ್ ಹಿಂದಿನ ಸೋಮವಾರದ್ದನ್ನು ಮಾತ್ರ ಅಳಿಸುತ್ತದೆ, ಅದು ಅರ್ಧಕ್ಕೆ ನಿಂತರೂ ಭಾನುವಾರದ್ದು ಇರುತ್ತದೆ. ‘ವೆರಿಫೈಓನ್ಲಿ’ ಒಂದನ್ನೇ ನಂಬಬೇಡಿ, ಅದು ಬ್ಯಾಕಪ್ ಫೈಲನ್ನು ಓದಬಹುದೇ ಎಂದು ನೋಡುತ್ತದೆ, ಒಳಗಿನ ಲೆಕ್ಕ ಯಾವ ದಿನದ್ದೆಂದು ಹೇಳುವುದಿಲ್ಲ. ತಿಂಗಳಿಗೊಮ್ಮೆ ಬೇರೆ ಹೆಸರಿಗೆ ರಿಸ್ಟೋರ್ ಮಾಡಿ ಕೊನೆಯ ಚೀಟಿಯ ಸಂಖ್ಯೆ ನೋಡಿ.

ವಖಾರಿಲೆಕ್ಕ, ಶಿರಸಿ

ಹಾಗೆಯೇ ಮಾಡಿದೆ. 71 ಜಿಬಿಯ ಹಳೆಯ ಫೈಲನ್ನು ಇನ್ನು ಅಳಿಸಬಹುದೇ?

ಕಾಳಿಕಡಲು, ಕಾರವಾರ

ಮಳೆಗಾಲ ಮುಗಿಯಲಿ.