ಜಿಸಿಸಿ 14ರಲ್ಲಿ ಕಂಪೈಲ್ ಆಗುತ್ತೆ, ಆದರೆ ಮೂರು ಸಿಂಬಲ್ ಕಾಣೆ

ತ್ಯಾಗರಾಜನಗರ_ಟರ್ಮಿನಲ್:
ನಮಸ್ಕಾರ. ಬೆಂಗಳೂರಿನ ಕಾಲೇಜು ಲ್ಯಾಬ್‌ಗಳಿಗೆ ಕೊಡುವ ಒಂದು ಹಳೇ ಸಿ ಲೈಬ್ರರಿಯನ್ನು ಡೆಬಿಯನ್ ಲಿನಕ್ಸ್ 12ರಿಂದ 13ಕ್ಕೆ ತರುತ್ತಿದ್ದೇನೆ. ಸೋರ್ಸ್‌ನಲ್ಲಿ ಒಂದಕ್ಷರವೂ ಬದಲಾಗಿಲ್ಲ. ಜಿಸಿಸಿ (ಸಿ ಕಂಪೈಲರ್) 12ರಲ್ಲಿ ಸರಿಯಿತ್ತು. 14ರಲ್ಲಿ ಕಂಪೈಲ್ ಎರರ್ ಒಂದೂ ಇಲ್ಲ, ಕೊನೆಗೆ ಲೈಬ್ರರಿಯ ಸಿಂಬಲ್‌ಗಳನ್ನು (ಹೊರಗಿನ ಪ್ರೋಗ್ರಾಂಗಳಿಗೆ ಕಾಣುವ ಫಂಕ್ಷನ್ ಹೆಸರುಗಳು) ಹಳೇ ಪಟ್ಟಿಯಾದ ಸಿಂಬಲ್ಸ್ ಫೈಲ್‌ಗೆ ಹೋಲಿಸುವ ಡಿಪಿಕೆಜಿ-ಜೆನ್‌ಸಿಂಬಲ್ಸ್ ಮೂರು ಸಿಂಬಲ್ ಇಲ್ಲ ಅಂತ ಬಿಲ್ಡ್ ನಿಲ್ಲಿಸುತ್ತೆ. ಮೂರೂ ಎಂಮ್ಯಾಪ್ (ಫೈಲನ್ನು ಮೆಮೊರಿಗೆ ಜೋಡಿಸುವ ಕರೆ) ಬಳಸುವ ಫಂಕ್ಷನ್‌ಗಳು. ಸಿಂಬಲ್ಸ್ ಫೈಲ್‌ನಿಂದ ಆ ಸಾಲುಗಳನ್ನು ತೆಗೆದರೆ ಸಾಕಾ?

ಲಿಂಕರ್_ಹನುಮಂತನಗರ:
ದಯವಿಟ್ಟು ತೆಗೀಬೇಡಿ. ಈ ಲೈಬ್ರರಿಗೆ ಮೊದಲೇ ಲಿಂಕ್ ಆಗಿರುವ ಪ್ರೋಗ್ರಾಂ ಆ ಫಂಕ್ಷನ್ ಕರೆದರೆ 'ಅನ್‌ಡಿಫೈನ್ಡ್ ಸಿಂಬಲ್' ಅಂತ ಬೀಳುತ್ತೆ.

ತಪ್ಪಿರೋದು ಕಾನ್ಫಿಗರ್ ಹಂತದಲ್ಲಿ ಅನ್ನಿಸುತ್ತೆ. ಸಿಸ್ಟಮ್‌ನಲ್ಲಿ ಏನೇನಿದೆ ಅಂತ ಅದು ಪುಟ್ಟ ಟೆಸ್ಟ್ ತುಣುಕುಗಳನ್ನು ಕಂಪೈಲ್ ಮಾಡಿ ನೋಡುತ್ತೆ. ಘೋಷಿಸದ ಫಂಕ್ಷನ್ ಕರೆಯೋದು, ಟೈಪ್ ಬರೆಯದೆ ಬರೀ 'ಮೇನ್()' ಅಂತ ಬರೆಯೋದು 13ರವರೆಗೆ ವಾರ್ನಿಂಗ್ ಆಗಿತ್ತು, 2024ರಲ್ಲಿ ಬಂದ 14ರಲ್ಲಿ ಎರರ್. ಕೈಯಲ್ಲಿ ಬರೆದ ಹಳೇ ಟೆಸ್ಟ್ ತುಣುಕುಗಳು ಇಲ್ಲೇ ಬೀಳುತ್ತವೆ. ತುಣುಕು ಕಂಪೈಲ್ ಆಗದಿದ್ದರೆ ಕಾನ್ಫಿಗರ್ ಗಲಾಟೆ ಮಾಡಲ್ಲ, 'ಎಂಮ್ಯಾಪ್... ನೋ' ಅಂತ ಬರೆದು ಮುಂದೆ ಹೋಗುತ್ತೆ. ಆಗ ಎಂಮ್ಯಾಪ್ ಬಳಸುವ ಫಂಕ್ಷನ್‌ಗಳು ಲೈಬ್ರರಿಗೆ ಸೇರೋದೇ ಇಲ್ಲ.

ಖಚಿತ ಮಾಡಿಕೊಳ್ಳೋಕೆ ಕಂಪೈಲರ್ ಒಂದನ್ನೇ ಬದಲಾಯಿಸಿ. ಡೆಬಿಯನ್ 13ರ ಅದೇ ಸಿಎಚ್‌ರೂಟ್‌ನಲ್ಲಿ (ಬಿಲ್ಡ್‌ಗೆಂದು ಬೇರ್ಪಡಿಸಿದ ಪರಿಸರ) ಜಿಸಿಸಿ-13 ಹಾಕಿ, ಪ್ಯಾಕೇಜ್‌ನ ಬಿಲ್ಡ್ ಸೂಚನೆಗಳಿರುವ ರೂಲ್ಸ್ ಫೈಲ್‌ನಲ್ಲಿ 'ಎಕ್ಸ್‌ಪೋರ್ಟ್ ಸಿಸಿ=ಜಿಸಿಸಿ-13' ಕೊಟ್ಟು ಒಮ್ಮೆ, ತೆಗೆದು ಒಮ್ಮೆ ಬಿಲ್ಡ್ ಮಾಡಿ. ಎರಡೂ ಸಲದ ಕಾನ್ಫಿಗ್.ಎಚ್ (ಕಾನ್ಫಿಗರ್ ತನ್ನ ಫಲಿತಾಂಶ ಬರೆಯುವ ಫೈಲ್) ಎತ್ತಿಟ್ಟುಕೊಂಡು ಡಿಫ್ ಹಾಕಿ ಹೋಲಿಸಿ. ವ್ಯತ್ಯಾಸ ಕಂಡ ಮ್ಯಾಕ್ರೋವನ್ನು ಕಾನ್ಫಿಗ್.ಲಾಗ್‌ನಲ್ಲಿ ಹುಡುಕಿದರೆ ಬಿದ್ದ ತುಣುಕೂ ಅದರ ಎರರೂ ಒಟ್ಟಿಗೇ ಸಿಗುತ್ತವೆ.

ತ್ಯಾಗರಾಜನಗರ_ಟರ್ಮಿನಲ್:
ಡಿಫ್‌ನಲ್ಲಿ ಎರಡು ಸಾಲು ಬಂತು: ಹ್ಯಾವ್_ಎಂಮ್ಯಾಪ್, ಹ್ಯಾವ್_ಎಸ್‌ಎನ್‌ಪ್ರಿಂಟ್‌ಎಫ್. ಎರಡರ ತುಣುಕಲ್ಲೂ 'ಎಕ್ಸಿಟ್(0)' ಇದೆ, ಅದನ್ನು ಘೋಷಿಸುವ ಹೆಡರ್ ಎಸ್‌ಟಿಡಿಲಿಬ್.ಎಚ್ ಇಲ್ಲ. ಇಂಥ ಎರರ್‌ಗಳನ್ನು ಮತ್ತೆ ವಾರ್ನಿಂಗ್ ಮಾಡುವ ಎಫ್‌ಪರ್ಮಿಸಿವ್ ಫ್ಲ್ಯಾಗ್ ಕೊಟ್ಟರೆ ಎರಡೂ 'ಯೆಸ್' ಆಗುತ್ತೆ. ಹಾಗೇ ಬಿಡಬಹುದಾ?

ಲಿಂಕರ್_ಹನುಮಂತನಗರ:
ಎರಡನೆಯ ಸಾಲು, ಹ್ಯಾವ್_ಎಸ್‌ಎನ್‌ಪ್ರಿಂಟ್‌ಎಫ್, ಅದೇ ಹೆಚ್ಚು ಅಪಾಯ. ಅದರಿಂದ ಯಾವ ಸಿಂಬಲ್ಲೂ ಹೋಗಲ್ಲ, ಹಾಗಾಗಿ ಯಾವ ಪರೀಕ್ಷೆಯೂ ಕೂಗಲ್ಲ. ಎಸ್‌ಎನ್‌ಪ್ರಿಂಟ್‌ಎಫ್ ಇಲ್ಲ ಅಂದ್ಕೊಂಡು ಕೋಡ್ ಬರೀ ಎಸ್‌ಪ್ರಿಂಟ್‌ಎಫ್‌ಗೆ ಇಳಿಯುತ್ತಾ ನೋಡಿ. ಇಳಿದರೆ ಬಫರ್ ಅಳತೆಯ ಕಾವಲೇ ಹೋಯ್ತು.

ಎಫ್‌ಪರ್ಮಿಸಿವ್ ಬೇಡ. ಪಾಯಿಂಟರ್ ಹಿಂತಿರುಗಿಸುವ ಫಂಕ್ಷನ್ ಘೋಷಣೆಯಾಗದಿದ್ದರೆ ಕಂಪೈಲರ್ ಅದನ್ನು ಇಂಟ್ ಅಂದುಕೊಳ್ಳುತ್ತೆ, 64 ಬಿಟ್ ಅಡ್ರೆಸ್ 32ಕ್ಕೆ ತುಂಡಾಗುತ್ತೆ. ಈ ಫ್ಲ್ಯಾಗ್ ಇಡೀ ಲೈಬ್ರರಿಯಲ್ಲಿ ಅಂಥದ್ದನ್ನು ಮುಚ್ಚಿಬಿಡುತ್ತೆ. ಟೆಸ್ಟ್ ತುಣುಕುಗಳಿರುವ ಕಾನ್ಫಿಗರ್.ಎಸಿಯಲ್ಲೇ ಹೆಡರ್ ಸೇರಿಸಿ, 'ಇಂಟ್ ಮೇನ್(ವಾಯ್ಡ್)' ಬರೆದು, ಪ್ಯಾಚ್ ಮಾಡಿ ಮೂಲ ಪ್ರಾಜೆಕ್ಟ್‌ಗೂ ಕಳಿಸಿ.

ಮೇಕ್‌ಫೈಲ್_ಮಲ್ಲೇಶ್ವರ:
ಪ್ಯಾಚ್ ಬರೆಯುವಾಗಲೇ ಜಿಸಿಸಿ 15ರಲ್ಲೂ ಒಮ್ಮೆ ಹಾಕಿ ನೋಡಿ. ಅದರಲ್ಲಿ ಡೀಫಾಲ್ಟ್ ಸಿ23 (ಸಿ ಭಾಷೆಯ ಹೊಸ ಮಾನದಂಡ). ಖಾಲಿ ಆವರಣ ಅಂದರೆ ಆರ್ಗ್ಯುಮೆಂಟ್ ಇಲ್ಲ ಅಂತಲೇ ಅರ್ಥ, ಹಾಗಾಗಿ 'ವಾಯ್ಡ್ (*ಸಿಬಿ)()' ಅಂತ ಘೋಷಿಸಿ ಎರಡು ಆರ್ಗ್ಯುಮೆಂಟ್ ಕೊಟ್ಟು ಕರೆದರೆ ಎರರ್. 'ಟೈಪ್‌ಡೆಫ್ ಇಂಟ್ ಬೂಲ್' ಕೂಡ ನಡೆಯಲ್ಲ, ಬೂಲ್ ಈಗ ಕೀವರ್ಡ್. ಸರಿಪಡಿಸುವವರೆಗೆ ಕಂಪೈಲರ್ ಆಯ್ಕೆಗಳಿರುವ ಸಿಫ್ಲ್ಯಾಗ್ಸ್‌ಗೆ '-ಎಸ್‌ಟಿಡಿ=ಜಿಎನ್‌ಯು17' (ಹಿಂದಿನ ಮಾನದಂಡ) ಸೇರಿಸಿಕೊಳ್ಳಬಹುದು. ಆದರೆ ನಿಮ್ಮ ಈಗಿನ ತೊಂದರೆಗೆ ಅದು ಮದ್ದಲ್ಲ, 14ರ ಡೀಫಾಲ್ಟೇ ಜಿಎನ್‌ಯು17.