ಹೊಸದಾಗಿ ಕಟ್ಟಿದ ಎಂಜಿನ್: ಮೆತ್ತಗೆ ಓಡಿಸೋದಾ, ಬಡಿಯೋದಾ?

ಕೇಳಿದವರು, ಬೆಂಗಳೂರು

2004ರ ಮಾರುತಿ ಎಸ್ಟೀಮ್ ಒಂದನ್ನು ಟ್ರ್ಯಾಕಿಗೆ ಅಂತಲೇ ಕಟ್ಟುತ್ತಿದ್ದೇನೆ. ಹಿಂದಿನ ಸೀಟು, ಕಾರ್ಪೆಟ್ ಎಲ್ಲ ಕಿತ್ತಾಯ್ತು. ರೋಲ್ ಕೇಜ್ (ಕಾರು ಪಲ್ಟಿಯಾದರೆ ಕಾಪಾಡುವ ಪೈಪಿನ ಪಂಜರ) ಇನ್ನೂ ಹಾಕಿಸಬೇಕು. ಎಂಜಿನ್ ಹೊಗೆ ಬಿಡುತ್ತಿತ್ತು, ಇಳಿಸಿ ಸಿಲಿಂಡರ್ ಎಲ್ಲ 0.50 ಮಿ.ಮೀ. ಓವರ್‌ಸೈಜ್‌ಗೆ ಬೋರ್ ಮಾಡಿಸಿದೆ (ಅಷ್ಟು ದೊಡ್ಡದಾಗಿ ಕೊರೆಸಿದೆ). ಪಿಸ್ಟನ್, ಅದರ ಸುತ್ತ ಕೂರುವ ರಿಂಗ್, ಬೇರಿಂಗ್ ಎಲ್ಲ ಹೊಸದು. ನಮ್ಮ ಮೆಕ್ಯಾನಿಕ್ "ಎರಡು ಸಾವಿರ ಕಿಲೋಮೀಟರ್ ತನಕ ನಲವತ್ತರ ಸ್ಪೀಡ್ ದಾಟಿಸಬೇಡಿ" ಅನ್ನುತ್ತಾರೆ. ಗೆಳೆಯನೊಬ್ಬ "ಮೊದಲ ದಿನವೇ ಚೆನ್ನಾಗಿ ಬಡಿ" ಅನ್ನುತ್ತಾನೆ. ಮಾಡಿ ನೋಡಿದವರು ಯಾರಾದರೂ ಇದ್ದರೆ ಏನು ಮಾಡಿದಿರಿ, ಏನು ಕೆಟ್ಟಿತು ಅಂತ ಹೇಳಿ. ಇನ್ನೊಂದು ಸಲ ಬಿಚ್ಚಿಸುವಷ್ಟು ದುಡ್ಡಿಲ್ಲ.

ಹಾಸನದಿಂದ

ನಿಮ್ಮ ಮೆಕ್ಯಾನಿಕ್ ಹೇಳಿದ್ದನ್ನೇ ನಾನು ಚಾಚೂ ತಪ್ಪದೆ ಮಾಡಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದೂ ಇದೇ ಎಂಜಿನ್, 1298 ಸಿಸಿ, 16 ವಾಲ್ವ್. ಆಗ ಬೆಂಗಳೂರಿನಲ್ಲಿದ್ದೆ. ಎಂಜಿನ್ ಕೂರಿಸಿದ್ದು ಒಂದು ಶುಕ್ರವಾರ. ಅಮ್ಮ ಹೂವು, ಕುಂಕುಮ, ನಿಂಬೆಹಣ್ಣು ಎಲ್ಲ ರೆಡಿ ಮಾಡಿಕೊಂಡು ಕಾಯುತ್ತಿದ್ದರು. ಕೀ ತಿರುಗಿಸಿದೆ, ಒಂದೇ ಸಲಕ್ಕೆ ಹಿಡಿಯಿತು. ಖುಷಿಗೆ ಆಫ್ ಮಾಡೋಕೆ ಮನಸ್ಸೇ ಬರಲಿಲ್ಲ. ಪೂಜೆ, ಮಂಗಳಾರತಿ, ಪಕ್ಕದ ಮನೆಯವರು ಬಂದು ನೋಡಿದ್ದು, ತಮ್ಮ ವಿಡಿಯೋ ಮಾಡಿದ್ದು, ಎಲ್ಲ ಮುಗಿಯುವಷ್ಟರಲ್ಲಿ ಅರ್ಧ ಗಂಟೆ. ಅಷ್ಟು ಹೊತ್ತೂ ಎಂಜಿನ್ ಐಡಲ್‌ನಲ್ಲಿ ಸುಮ್ನೆ ಗುನುಗುತ್ತಿತ್ತು. ಆಮೇಲೆ ಒಂದು ತಿಂಗಳು ಅದೇ ಕಾರಿನಲ್ಲಿ ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ. ಎರಡನೇ ಗೇರು, ಮೂರನೇ ಗೇರು, ಮತ್ತೆ ಎರಡು. ಬಾಣಂತಿ ಮಗುವನ್ನು ನೋಡಿಕೊಂಡ ಹಾಗೆ ನೋಡಿಕೊಂಡೆ. 1500 ಕಿ.ಮೀ. ಆದಾಗ ಡಿಪ್‌ಸ್ಟಿಕ್ ಎಳೆದರೆ ತುದಿಗೆ ಮಾತ್ರ ಆಯಿಲ್. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ.

ಮತ್ತೆ ಬಿಚ್ಚಿದೆವು. ಸಿಲಿಂಡರ್ ಗೋಡೆ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಹೋನಿಂಗ್ (ಬೋರ್ ಆದ ಮೇಲೆ ಗೋಡೆಯನ್ನು ಕಲ್ಲಿನಿಂದ ಉಜ್ಜೋದು) ಬಿಟ್ಟ ಗೆರೆಗಳು ಅಲ್ಲಲ್ಲೇ ಇದ್ದವು, ಆದರೆ ಅವುಗಳ ಒಳಗೆ ಸುಟ್ಟ ಆಯಿಲ್ ಕಂದು ಬಣ್ಣದ ವಾರ್ನಿಶ್ ಹಾಗೆ ತುಂಬಿಕೊಂಡಿತ್ತು. ಉಗುರಿನಲ್ಲಿ ಕೆರೆದರೂ ಬರಲಿಲ್ಲ.

ಗ್ಲೇಜ್ ಆಗೋದು ಅಂದರೆ ಇದೇ. ರಿಂಗ್ ತನ್ನ ಸ್ಪ್ರಿಂಗ್ ಬಲದಿಂದ ಗೋಡೆಯನ್ನು ಒತ್ತುವುದು ಸ್ವಲ್ಪವೇ. ನಿಜವಾಗಿ ಒತ್ತುವುದು ಉರಿದ ಗ್ಯಾಸು. ಅದು ಮೇಲಿನ ಸಂದಿಯಿಂದ ರಿಂಗಿನ ಬೆನ್ನಿಗೆ ನುಗ್ಗಿ ಅದನ್ನು ಹೊರಕ್ಕೆ ತಳ್ಳುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಈ ಒತ್ತಡ ಜಾಸ್ತಿ. ಆಗ ಹೋನಿಂಗ್ ಬಿಟ್ಟಿದ್ದ ಚೂಪು ತುದಿಗಳು ಸವೆದು ರಿಂಗೂ ಗೋಡೆಯೂ ಒಂದಕ್ಕೊಂದು ಕೂರುತ್ತವೆ. ಲೋಡ್ (ಎಳೆಯುವ ಶ್ರಮ) ಇಲ್ಲದೆ ಓಡಿಸಿದರೆ ರಿಂಗು ಆಯಿಲ್ ಮೇಲೆ ಜಾರುತ್ತಿರುತ್ತದೆ. ಆಯಿಲ್ ಮೇಲೆ ಹೋಗಿ ಸುಟ್ಟು ಗೆರೆಗಳನ್ನು ಮುಚ್ಚುತ್ತದೆ. ಮುಚ್ಚಿದ ಮೇಲೆ ಎಷ್ಟು ಬಡಿದರೂ ಅಷ್ಟೇ. ಮತ್ತೆ ಹೋನಿಂಗ್, ಮತ್ತೆ ರಿಂಗ್.

ಹಾಗಂತ ನಿಮ್ಮ ಗೆಳೆಯ ಹೇಳಿದ್ದೂ ಅರ್ಧ ಮಾತ್ರ ಸರಿ. ಎಂಜಿನ್‌ಗೆ ಬೇಕಿರುವುದು ಲೋಡ್. ಅದಕ್ಕೆ ರೆಡ್‌ಲೈನ್ (ಎಂಜಿನ್ ತಿರುಗಬಹುದಾದ ಗರಿಷ್ಠ ವೇಗ) ತನಕ ಹೋಗಬೇಕಾಗಿಲ್ಲ.

ಎರಡನೇ ಸಲ ಕಾರನ್ನು ನೆಲಮಂಗಲದ ಹತ್ತಿರ ಗೆಳೆಯನ ಶೆಡ್‌ನಲ್ಲೇ ಕಟ್ಟಿದೆ, ಸಿಗ್ನಲ್‌ನಲ್ಲಿ ನಿಲ್ಲುವ ಪ್ರಮೇಯವೇ ಬೇಡ ಅಂತ. ಮೊದಲು ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಗ್ನಿಷನ್ ಮತ್ತು ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಸುಮ್ನೆ ಸ್ಟಾರ್ಟರ್ ತಿರುಗಿಸಿದೆವು. ಹತ್ತು ಸೆಕೆಂಡ್ ತಿರುಗಿಸೋದು, ಸ್ಟಾರ್ಟರ್ ಆರಲು ಬಿಡೋದು, ಮತ್ತೆ ತಿರುಗಿಸೋದು. ಆಯಿಲ್ ಲೈಟ್ ಆರುವ ತನಕ ಹೀಗೆ. ಅದು ಆರಿದ ಮೇಲೇ ಪ್ಲಗ್ ಹಾಕಿದ್ದು. ಸ್ಟಾರ್ಟ್ ಆದ ಕೂಡಲೇ ನೇರ 2000ದಿಂದ 2500 ಆರ್‌ಪಿಎಂಗೆ ಏರಿಸಿ, ಸ್ವಲ್ಪ ಏರಿಳಿಸುತ್ತಾ ಹದಿನೈದು ನಿಮಿಷ. ಒಬ್ಬ ಆಯಿಲ್ ಪ್ರೆಷರ್ ನೋಡುತ್ತಿದ್ದ, ಒಬ್ಬ ಟಾರ್ಚ್ ಹಿಡಿದು ಕೆಳಗೆ ಲೀಕ್ ನೋಡುತ್ತಿದ್ದ. ಯಾರಿಗೂ ಫೋನ್ ಮುಟ್ಟೋಕೆ ಬಿಡಲಿಲ್ಲ! ಆಫ್ ಮಾಡಿ ಆಯಿಲ್ ಇಳಿಸಿ ಫಿಲ್ಟರ್ ಬದಲಿಸಿದೆವು. ಹದಿನೈದೇ ನಿಮಿಷ ಓಡಿದ ಆಯಿಲ್ ಚೆಲ್ಲೋದಾ ಅಂತ ಹೊಟ್ಟೆ ಉರಿಯುತ್ತದೆ. ಚೆಲ್ಲಿ.

ಮಾರನೇ ದಿನ ಬೆಳಗಿನ ಜಾವ ಐದು ಗಂಟೆಗೆ ಕುಣಿಗಲ್ ರಸ್ತೆ ಹಿಡಿದೆ. ಎಂಜಿನ್ ಪೂರ್ತಿ ಬಿಸಿಯಾಗುವ ತನಕ ಸಲೀಸಾಗಿ. ಆಮೇಲೆ ಮೂರನೇ ಗೇರಿನಲ್ಲಿ 2500ಕ್ಕೆ ಬಂದು, ಆಕ್ಸಿಲರೇಟರ್ ಮುಕ್ಕಾಲು ಪಾಲು ಒತ್ತಿ 4500ರ ತನಕ ಎಳೆಸೋದು. ಅಲ್ಲಿ ಕಾಲು ಪೂರ್ತಿ ತೆಗೆದು, ಗೇರಿನಲ್ಲೇ 2000ಕ್ಕೆ ಇಳಿಯೋಕೆ ಬಿಡೋದು. ಹೀಗೆ ಇಳಿಯುವಾಗ ಸಿಲಿಂಡರ್ ಒಳಗೆ ವ್ಯಾಕ್ಯೂಮ್ ಆಗಿ ಒಂದಿಷ್ಟು ಆಯಿಲ್ ಮೇಲಕ್ಕೆ ಬರುತ್ತದೆ, ಸವೆದ ಪುಡಿಯನ್ನು ತೊಳೆಯುತ್ತದೆ. ಹತ್ತು ಹನ್ನೆರಡು ಸಲ ಹಾಗೆ ಮಾಡಿ, ನಡುವೆ ಕಾಫಿಗೆ ನಿಲ್ಲಿಸಿ ತಣ್ಣಗಾಗಲು ಬಿಟ್ಟು, ಆಮೇಲೆ 5500ರ ತನಕ. ಇಡೀ ದಿನ ಒಂದೇ ಸ್ಪೀಡಿನಲ್ಲಿ ಹೋಗಲಿಲ್ಲ. ಟಾಪ್ ಗೇರಿನಲ್ಲಿ ಗೊಗ್ಗರು ದನಿಯಲ್ಲಿ ಎಳೆಸಲೂ ಇಲ್ಲ. 100 ಕಿ.ಮೀ.ಗೆ ಮತ್ತೆ ಆಯಿಲ್ ಬದಲು, 500ಕ್ಕೆ ಇನ್ನೊಂದು ಸಲ. ಆ ಎಂಜಿನ್ ಇವತ್ತಿಗೂ ಹೊಗೆ ಬಿಟ್ಟಿಲ್ಲ.

ಇನ್ನೊಂದು ವಿಷಯ. ಇದನ್ನೆಲ್ಲ ಕೇಜ್ ಹಾಕಿಸುವ ಮುಂಚೆ, ಕಿತ್ತ ಸೀಟನ್ನು ವಾಪಸ್ ಕೂರಿಸಿ ಮುಗಿಸಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಿಸಿ ರಸ್ತೆಗೆ ಇಳಿಸುವ ಹಾಗಿಲ್ಲ. ಕೇಜ್ ಹಾಕಿದ ಮೇಲೆ ಟ್ರೇಲರ್ ಮೇಲೇ ಸಾಗಿಸಬೇಕು.

ಮಂಗಳೂರಿನಿಂದ

ಮಾರಾಯ್ರೇ, ನೀವೆಲ್ಲ ಕೀ ತಿರುಗಿಸಿದ ಮೇಲಿನ ಕತೆ ಹೇಳುತ್ತಿದ್ದೀರಿ. ನನ್ನ ಎಂಜಿನ್ ಹೋದದ್ದು ಅದಕ್ಕೂ ಮೊದಲು.

ಬೋರಿಂಗ್ ಶಾಪಿನಿಂದ ಬ್ಲಾಕ್ ಬಂತು. ಅವರು ಸೀಮೆಎಣ್ಣೆಯಲ್ಲಿ ತೊಳೆದು, ಗಾಳಿ ಹೊಡೆದು, "ಕ್ಲೀನ್ ಉಂಟು, ನೇರ ಜೋಡಿಸಿ" ಅಂದರು. ನೋಡಲು ಕ್ಲೀನೇ ಇತ್ತು. ಜೋಡಿಸಿದೆವು. ರನ್ನಿಂಗ್-ಇನ್, ಅಂದರೆ ಹೊಸ ಎಂಜಿನ್ ಪಳಗಿಸುವ ಓಟ, ಎಲ್ಲ ಚಂದ ಆಯಿತು. ಟ್ರ್ಯಾಕಿನಲ್ಲಿ ಎರಡನೇ ಸೆಷನ್‌ಗೆ ಕೆಳಗಿನಿಂದ ಟಕ ಟಕ ಶಬ್ದ. ಇಳಿಸಿ ನೋಡಿದರೆ ಮೇನ್ ಬೇರಿಂಗ್ ಮೇಲೆ ಬ್ಲೇಡಿನಿಂದ ಗೀರಿದ ಹಾಗೆ ಗೆರೆ. ಹೋನಿಂಗ್ ಕಲ್ಲಿನ ಪುಡಿ ಆಯಿಲ್ ಗ್ಯಾಲರಿಯಲ್ಲಿ (ಬ್ಲಾಕಿನ ಒಳಗೆ ಆಯಿಲ್ ಹರಿಯುವ ದಾರಿ) ಕೂತಿತ್ತು.

ಸೀಮೆಎಣ್ಣೆ ಆಯಿಲನ್ನು ತೆಗೆಯುತ್ತದೆ, ಆ ಪುಡಿಯನ್ನು ಅಲ್ಲೇ ಬಿಡುತ್ತದೆ. ಬೇಕಾದದ್ದು ಬಿಸಿನೀರು, ಬಟ್ಟೆ ಒಗೆಯುವ ಪೌಡರ್, ಬ್ರಷ್. ಗ್ಯಾಲರಿಯ ಪ್ಲಗ್ ಎಲ್ಲ ಬಿಚ್ಚಿಸಿ, ಉದ್ದ ಬ್ರಷ್ ಹಾಕಿ ತಿಕ್ಕಿ. ಕ್ರ್ಯಾಂಕಿನ ಆಯಿಲ್ ತೂತಿಗೂ ಹಾಗೆಯೇ. ಒಣಗಿಸಿದ ಕೂಡಲೇ ಆಯಿಲ್ ಸವರಿ. ನಮ್ಮ ಕರಾವಳಿಯ ಗಾಳಿಗೆ ಚಹಾ ಕುಡಿದು ಬರುವುದರೊಳಗೆ ಲೈನರ್ ಕೆಂಪು ತುಕ್ಕು ಹಿಡಿಯುತ್ತದೆ. ಆಮೇಲೆ ಹಳೆಯ ಬಿಳಿ ಬನಿಯನ್ ತುಂಡಿಗೆ ಎರಡು ಹನಿ ಆಯಿಲ್ ಹಾಕಿ ಬೋರಿನ ಒಳಗೆ ಒಂದು ಸುತ್ತು ಎಳೆಯಿರಿ. ಬೂದು ಬಣ್ಣ ಬಂದರೆ ಮತ್ತೆ ತೊಳೆಯಿರಿ. ನಾನು ಈಚೆಗೆ ಕಟ್ಟಿದ್ದಕ್ಕೆ ಐದು ಸಲ ತೊಳೆದೆ. ಐದನೆಯ ತುಂಡು ಬೆಳ್ಳಗೆ ಬಂತು.

ರಿಂಗಿನ ಎರಡು ತುದಿಗಳ ನಡುವಿನ ಗ್ಯಾಪ್ ಕೂಡ ಪೆಟ್ಟಿಗೆಯಿಂದ ಬಂದ ಹಾಗೆ ಸರಿ ಇರುತ್ತದೆ ಅಂತ ನಂಬಬೇಡಿ. ಒಂದೊಂದನ್ನೂ ಅದರದೇ ಬೋರಿನಲ್ಲಿ ಇಟ್ಟು, ಪಿಸ್ಟನ್ನಿನಿಂದ ನೇರ ತಳ್ಳಿ, ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ಹಾಕಿ ನೋಡಿ. ನಿಮ್ಮ ಬೋರ್ ಈಗ 74.5 ಮಿ.ಮೀ. ಅಲ್ವಾ? ಮೇಲಿನ ರಿಂಗಿಗೆ 0.30 ಮಿ.ಮೀ. ಆಸುಪಾಸು ಇರಬೇಕು. ಟ್ರ್ಯಾಕಿಗೆ ಕೂದಲೆಳೆಯಷ್ಟು ಜಾಸ್ತಿ ಇದ್ದರೂ ಅಡ್ಡಿಯಿಲ್ಲ. ಕಮ್ಮಿ ಇದ್ದರೆ ಮಾತ್ರ ಬಿಸಿಗೆ ತುದಿ ತುದಿ ತಾಗಿ ರಿಂಗೇ ಮುರಿಯುತ್ತದೆ.

ಕೇಳಿದವರು

ತುಂಬಾ ಥ್ಯಾಂಕ್ಸ್. ಬ್ಲಾಕ್ ಇನ್ನೂ ಜೋಡಿಸಿಲ್ಲ, ಪುಣ್ಯ. ಇವತ್ತೇ ತೊಳೆಯುತ್ತೇನೆ. ಒಂದು ಡೌಟು: ಎಲ್ಲರೂ ಮೊದಲಿಗೆ ಮಿನರಲ್ ಆಯಿಲ್ ಅನ್ನುತ್ತಾರೆ. ಈಗಿನ ಎಷ್ಟೋ ಹೊಸ ಕಾರುಗಳಿಗೆ ಶೋರೂಮ್‌ನಿಂದಲೇ ಸಿಂಥೆಟಿಕ್ ಬರುತ್ತದಲ್ಲ?

ಕೊಯಮತ್ತೂರಿನಿಂದ

ಒಳ್ಳೆ ಪ್ರಶ್ನೆ. ಫ್ಯಾಕ್ಟರಿಯಲ್ಲಿ ಹೋನಿಂಗ್ ಆದ ಮೇಲೆ ಚೂಪು ತುದಿಗಳನ್ನು ಅಲ್ಲೇ ಸವರಿ ಸಮ ಮಾಡಿಬಿಡುತ್ತಾರೆ. ಅರ್ಧ ರನ್ನಿಂಗ್-ಇನ್ ಅಲ್ಲಿಯೇ ಮುಗಿದಿರುತ್ತದೆ. ನಮ್ಮ ಊರಿನ ಬೋರಿಂಗ್ ಶಾಪುಗಳಲ್ಲಿ ಬಹುತೇಕ ಒಂದೇ ಕಲ್ಲಿನಲ್ಲಿ ಕೆಲಸ ಮುಗಿಯುತ್ತದೆ. ಹಾಗಾಗಿ ಆ ಸವೆತ ನಿಮ್ಮ ಕೈಯಲ್ಲೇ ಆಗಬೇಕು. ಮೊದಲ 500 ಕಿ.ಮೀ.ಗೆ ಸಾದಾ 15W-40 ಅಥವಾ 20W-40 ಮಿನರಲ್ ಸಾಕು. ಮೂರು ಸಲ ಚೆಲ್ಲುವ ಆಯಿಲ್‌ಗೆ ದುಬಾರಿಯದು ಯಾಕೆ? ನನ್ನ ಕೇಳಿದರೆ ಆಯಿಲ್‌ಗಿಂತ ಲೋಡ್ ಮುಖ್ಯ.

ಬಿಚ್ಚಿದ ಫಿಲ್ಟರನ್ನು ಮಾತ್ರ ಬಿಸಾಕಬೇಡಿ. ಡಬ್ಬ ಕತ್ತರಿಸಿ, ಒಳಗಿನ ಪೇಪರನ್ನು ಅಕಾರ್ಡಿಯನ್ ಹಾಗೆ ಬಿಡಿಸಿ, ಬಿಸಿಲಿಗೆ ಹಿಡಿದು ನೋಡಿ. ಬೂದು ಬಣ್ಣದ ನುಣುಪು ಪೇಸ್ಟ್ ಇದ್ದರೆ ಚಿಂತೆ ಇಲ್ಲ. ಉಗುರಿಗೆ ಸಿಗುವ ಚಕ್ಕೆ ಇದ್ದರೆ ಅಲ್ಲೇ ನಿಲ್ಲಿಸಿ. ಅಯಸ್ಕಾಂತ ಒಂದನ್ನೇ ನಂಬಬೇಡಿ, ಬೇರಿಂಗಿನ ಮೇಲ್ಪದರ ಮತ್ತು ಪಿಸ್ಟನ್ನಿನ ಅಲ್ಯೂಮಿನಿಯಂ ಅದಕ್ಕೆ ಅಂಟುವುದಿಲ್ಲ. 500 ಕಿ.ಮೀ. ಆದ ಮೇಲೆ ಕಂಪ್ರೆಷನ್ ನೋಡಿಸಿ. ಎಂಜಿನ್ ಬಿಸಿ ಇರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ನಾಲ್ಕು ಸಿಲಿಂಡರ್‌ಗಳ ನಡುವೆ ಚದರ ಸೆಂ.ಮೀ.ಗೆ 1 ಕೆ.ಜಿ.ಗಿಂತ ಜಾಸ್ತಿ ವ್ಯತ್ಯಾಸ ಬರಬಾರದು.

ನಾನು ನನ್ನದನ್ನು ಡೈನೋ (ನಿಂತಲ್ಲೇ ಲೋಡ್ ಕೊಟ್ಟು ಓಡಿಸುವ ಯಂತ್ರ) ಮೇಲೆ ರನ್ನಿಂಗ್-ಇನ್ ಮಾಡಿಸಿದೆ. ಒಂದು ಮಧ್ಯಾಹ್ನಕ್ಕೆ ಮುಗಿಯಿತು, ಮಿಕ್ಸ್ಚರ್ ಕೂಡ ಅಲ್ಲೇ ನೋಡಿದರು. ನನ್ನದು ವಿಪರೀತ ರಿಚ್, ಅಂದರೆ ಗಾಳಿಗಿಂತ ಪೆಟ್ರೋಲ್ ಪಾಲು ಬೇಕಾದ್ದಕ್ಕಿಂತ ಜಾಸ್ತಿಯಾಗಿ ಓಡುತ್ತಿತ್ತು. ಹಾಗೇ ಬಿಟ್ಟಿದ್ದರೆ ಪೆಟ್ರೋಲ್ ಗೋಡೆಯ ಮೇಲಿನ ಆಯಿಲನ್ನು ತೊಳೆದು ಹೊಸ ರಿಂಗನ್ನೇ ತಿಂದುಬಿಡುತ್ತಿತ್ತು. ದುಡ್ಡು ಜಾಸ್ತಿ ಆಗುತ್ತದೆ, ನಿಜ.

ಟ್ರ್ಯಾಕಿಗೆ ಮೊದಲ ಸಲ ಹೋದಾಗ ಒಂದೇ ಹೊಸದನ್ನು ಪರೀಕ್ಷಿಸಿ. ನಾನು ಕರಿ ಮೋಟಾರ್ ಸ್ಪೀಡ್‌ವೇಗೆ ಹೊಸ ಎಂಜಿನ್, ಹೊಸ ಬ್ರೇಕ್ ಪ್ಯಾಡ್, ಹೊಸ ಕ್ಲಚ್ ಎಲ್ಲ ಒಟ್ಟಿಗೆ ಹಾಕಿಕೊಂಡು ಹೋಗಿದ್ದೆ. ವಾಸನೆ ಎಲ್ಲಿಂದ ಬರುತ್ತಿದೆ ಅಂತಲೇ ಗೊತ್ತಾಗಲಿಲ್ಲ. ಮೊದಲ ಸೆಷನ್ ಮೂರೇ ಲ್ಯಾಪ್, ಆಮೇಲೆ ಬಾನೆಟ್ ತೆಗೆದು ಹೋಸ್, ಕ್ಲಿಪ್, ಆಯಿಲ್ ಲೆವೆಲ್ ನೋಡಿ. ಚೆನ್ನೈ ಟ್ರ್ಯಾಕ್ 3.7 ಕಿ.ಮೀ. ಇದೆ. ಉದ್ದ ತಿರುವುಗಳಲ್ಲಿ ಆಯಿಲ್ ಎಲ್ಲ ಸಂಪಿನ (ಎಂಜಿನ್ ಅಡಿಯ ಆಯಿಲ್ ತಟ್ಟೆ) ಒಂದು ಪಕ್ಕಕ್ಕೆ ಸರಿದು ಪಂಪು ಗಾಳಿ ಎಳೆಯುತ್ತದೆ. ಈಗ ಸಂಪ್ ಹೇಗೂ ಬಿಚ್ಚಿಟ್ಟಿದೆ. ಆಯಿಲ್ ಸರಿಯದ ಹಾಗೆ ತಡೆಯುವ ಬ್ಯಾಫಲ್ ತಗಡು ಬೆಸುಗೆ ಹಾಕಿಸಿಬಿಡಿ. ಮುಂದೆ ರೇಸಿಗೇ ಇಳಿಯುವ ಯೋಚನೆ ಇದ್ದರೆ ಸಿಸಿ ಪ್ರಕಾರ ಕಾರುಗಳನ್ನು ವಿಂಗಡಿಸುವ ಕ್ಲಾಸ್ ನಿಯಮವನ್ನೂ ನೋಡಿಕೊಳ್ಳಿ. 0.50 ಬೋರ್ ಆದ ಮೇಲೆ ನಿಮ್ಮದು ಸುಮಾರು 1316 ಸಿಸಿ.

ಕೇಳಿದವರು

ಬ್ಲಾಕ್ ತೊಳೆದೆ. ಮೊದಲ ಬನಿಯನ್ ತುಂಡು ಪೆನ್ಸಿಲ್ ಉಜ್ಜಿದ ಹಾಗೆ ಬಂತು! ಮೂರು ಸಲ ಆಯಿತು, ನಾಳೆ ಮತ್ತೆ. ಈಗ ಇನ್ನೊಂದು ತಲೆನೋವು. ಭಾನುವಾರ ಮೊದಲ ಸ್ಟಾರ್ಟ್ ಅಂತ ಹೇಳಿದ್ದೇ ತಪ್ಪಾಯಿತು, ನಮ್ಮ ಅಮ್ಮನೂ ಹನ್ನೊಂದು ಗಂಟೆಗೆ ಪೂಜೆ ಇಟ್ಟುಕೊಂಡಿದ್ದಾರೆ. ಭಟ್ಟರಿಗೂ ಹೇಳಿಯಾಗಿದೆ.

ಹಾಸನದಿಂದ

ಪೂಜೆ ಬೇಡ ಅನ್ನಬೇಡಿ. ಎಂಜಿನ್ ಆಫ್ ಇಟ್ಟು ಮಾಡಿಸಿ, ಕೀ ನಿಮ್ಮ ಜೇಬಿನಲ್ಲೇ ಇರಲಿ. ಮಂಗಳಾರತಿ ಆದ ಮೇಲೆ ನ್ಯೂಟ್ರಲ್‌ಗೆ ಹಾಕಿ ನಾಲ್ಕು ಜನ ಹಿಂದಿನಿಂದ ತಳ್ಳಿ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ. ಸೀಟು, ಕಾರ್ಪೆಟ್ ಇಲ್ಲದ ಎಸ್ಟೀಮ್, ಭಾರ ಏನೂ ಇರಲ್ಲ. ಪಾಯಸ ಊಟ ಎಲ್ಲ ಮುಗಿದು ನೆಂಟರು ಹೊರಟ ಮೇಲೆ ಸ್ಟಾರ್ಟ್ ಮಾಡಿ.